ಹಳೆಯ ರಿಕಾರ್ಡುಗಳೂ ಸ್ಥಾಲೀಪುಲಾಕ ನ್ಯಾಯವೂ

ಕಾಲಗರ್ಭದಲ್ಲಿ ಮರೆಯಾದ ಗಾಯಕ-ಗಾಯಕಿಯರನ್ನು ಹಳೆಯ ಗ್ರಾಮೋಫೋನು ರಿಕಾರ್ಡುಗಳ ಮೂಲಕ ಮತ್ತೆ ಬೆಳಕಿಗೆ ತರುವ ಕಾರ್ಯವು ಕನ್ನಡನಾಡಿನಲ್ಲಿಯೂ ನಡೆಯುತ್ತಿರುವುದು ರಸಿಕರಿಗೆ ಸಂತೋಷದ ಸಂಗತಿ. ಶ್ರೀ ವಿಕ್ರಮ್ ಸಂಪತ್ ಅವರು 2010ರಲ್ಲಿ ಗೌಹರ್ ಜಾನಳ ಚರಿತ್ರೆಯನ್ನು ಪ್ರಕಟಿಸಿದರು. ತರುವಾಯ ಬೆಂಗಳೂರಿನಲ್ಲಿ ಹಳೆಯ ರಿಕಾರ್ಡುಗಳ ಸಂಗ್ರಹಾಲಯವೊಂದನ್ನು ಸ್ಥಾಪಿಸಿದರು. ಆಕೆಯ ಗಾನವನ್ನು ಇಂದು ಮನೆಯಲ್ಲಿಯೇ ಕೇಳಬಹುದು. ಆದರೆ ಹಾಗೆ ಕೇಳಿದ ಗಾನದ ಗುಣದೋಷಗಳನ್ನು ನಿರ್ಣಯಿಸುವುದು ಹೇಗೆಂಬುದು ವಿಚಾರಾರ್ಹವಾಗಿದೆ.

ಗೌಹರ್ ಜಾನಳು ಅರ್ಮೇನಿಯನ್ ತಂದೆಯ ಮಗಳು. 1873ರಲ್ಲಿ ಆಜಂಗಢದಲ್ಲಿ ಜನಿಸಿ, ಕಲ್ಕತ್ತೆಯಲ್ಲಿ ಕೀರ್ತಿಗಳಿಸಿ, 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ನಿಧನಳಾದಳು. ಆಕೆಯ ವೈಭವದ ಕಥೆಗಳನ್ನು ಹೇಳುವವರು ಬಹುಮಂದಿ. ಗಾನವನ್ನು ವಿಮರ್ಶಿಸಿದವರು ವಿರಳ. ಕವಿಯ ಕೈಯುಂಗುರವನ್ನು ವರ್ಣಿಸಿ ಕಾವ್ಯವನ್ನು ಓದದೆ ಬಿಡುವ ಪರಿಯಿದು. ಭಾರತದ ಮೊದಲ ರಿಕಾರ್ಡು ಆಕೆಯದೇ ಎಂಬ ಪ್ರಸಿದ್ಧ ಮಾತೂ ನಿಜವಲ್ಲ. 1902ರ ನವೆಂಬರಿನಲ್ಲಿ, ಆಕೆಗಿಂತ ಕೆಲವು ದಿನ ಮೊದಲೇ, ಶಶಿಮುಖಿ, ಫಣಿಬಾಲಾ ಎಂಬ ಕಲ್ಕತ್ತೆಯ ನಾಟಕಶಾಲೆಯ ತರುಣಿಯರು ಹಾಡಿದ್ದರು. ಮರವೆಯನ್ನು ನೀಗಿಸಹೊರಟವರೇ ಇವರಿಬ್ಬರನ್ನು ಮರೆಯುವುದು ಉಚಿತವಲ್ಲ.

ಅರಗಿನ ತಟ್ಟೆಯ ಒಂದು ಬದಿಗೆ ಹಿಡಿಯುತ್ತಿದ್ದುದು ಸುಮಾರು ಮೂರು ನಿಮಿಷದ ಹಾಡು. 1925ಕ್ಕೆ ಮುಂಚೆ ವಿದ್ಯುತ್ತಿನ ನೆರವಿರಲಿಲ್ಲ. ಕಹಳೆಯಂಥ ಕೊಳವೆಗೆ ಮುಖವೊಡ್ಡಿ ಎತ್ತರದ ದನಿಯಲ್ಲಿ ಹಾಡಬೇಕಾಗಿತ್ತು. ಮುಟ್ಟಳ್ಳಿಯಿಂದ ಕುಮಟೆಯವರೆಗೆ ಬೆಳಗಾಗುವ ತನಕ ಭಾಗವತರ ಪದಗಳನ್ನು ಕೇಳಿದ ರಸಿಕರಿಗೆ ಮೂರು ನಿಮಿಷದ ಇಕ್ಕಟ್ಟು ಎಂತಹುದೆಂದು ವಿವರಿಸಬೇಕಾಗಿಲ್ಲ. ಒಂದು ಅಗುಳನ್ನು ಹಿಸುಕಿ ಮಡಕೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವುದು ಸ್ಥಾಲೀಪುಲಾಕ ನ್ಯಾಯ. ಅಗುಳುಗಳೆಲ್ಲ ಸಮಾನವಾದುದರಿಂದ ಅಲ್ಲಿ ಅದು ಸಲ್ಲುತ್ತದೆ. ರಾಗಕ್ಕೆ ಸಲ್ಲದು, ರಾಗವು ಕ್ರಮಕ್ರಮವಾಗಿ ಅರಳುವ ವಸ್ತು. ಆದುದರಿಂದ ರಿಕಾರ್ಡೊಂದನ್ನು ಕೇಳಿ ಗಾಯಕಿಯ ಸಮಗ್ರ ವಿದ್ವತ್ತನ್ನು ಅಳೆಯುವುದು ಯುಕ್ತವಲ್ಲ.

ಹಾಗೆಂದು ಆ ರಿಕಾರ್ಡುಗಳು ಕೀಳಲ್ಲ. ಗೌಹರಳು ದೊಡ್ಡ ಗಾನವನ್ನು ಕತ್ತರಿಸಿ ಕೊಟ್ಟವಳಲ್ಲ, ಕಿರುಗಾನವನ್ನೇ ರೂಪಿಸಿದವಳು. ಮೊದಲ ಸಂಚಾರದಲ್ಲಿಯೇ ರಾಗದ ಮುಖವನ್ನು ತೋರಿ, ದ್ರುತಗತಿಯ ತಾನಗಳನ್ನು ಹರಿಸಿ, ಅವಧಿ ತೀರುವಷ್ಟರಲ್ಲಿ ಮುಗಿಸುವ ಆ ನೈಪುಣ್ಯವು ಮುಕ್ತಕ ಕವಿಯದು. ಮುಕ್ತಕದಲ್ಲಿ ಮಹಾಕಾವ್ಯವನ್ನು ಅರಸಿ ನಿರಾಶರಾಗುವುದು ಓದುಗರ ದೋಷವೇ ಹೊರತು ಕವಿಯದಲ್ಲ.

ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಾಳೆ. ಜರ್ಮನಿಯ ಹ್ಯಾನೋವರಿನಲ್ಲಿ ತಟ್ಟೆಗಳನ್ನು ಅಚ್ಚೊತ್ತುವವರು ಯಾರ ಹಾಡೆಂದು ಗುರುತಿಸಲೆಂದು ಮಾಡಿದ ಏರ್ಪಾಡದು. ವ್ಯಾಪಾರದ ಅನುಕೂಲಕ್ಕೆ ಹೇಳಿದ ಹೆಸರೇ ಮರವೆಯ ವಿರುದ್ಧ ಸಾಕ್ಷಿಯಾಗಿ ನಿಂತಿತು. ಈ ಭಾಗ್ಯ ಎಲ್ಲರಿಗೂ ಒದಗಲಿಲ್ಲ. ಬಾಗ್ದಾದಿನಲ್ಲಿ ಖ್ಯಾತರಾಗಿದ್ದ ಯೆಹೂದಿ ಸೋದರರಾದ ಸಾಲಿಹ್, ದಾವೂದ್ ಅಲ್-ಕುವೈತಿ ಅವರು 1951ರಲ್ಲಿ ಇಸ್ರೇಲಿಗೆ ವಲಸೆ ಹೋದರು. ಅವರ ಹಾಡುಗಳು ಇರಾಕಿನಲ್ಲಿ ಉಳಿದುವು. ಹೆಸರುಗಳು ಮಾತ್ರ ಅಳಿಸಿಹೋದುವು.

ಆದುದರಿಂದ ಧ್ವನಿಯೊಡನೆ ನಾಮವೂ ಉಳಿಯಬೇಕು. ಹೊನ್ನಾವರದ ಗುಣವಂತೆಯಲ್ಲಿ 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಮೇಳವನ್ನು ಕಟ್ಟುವುದಕ್ಕೆ ಎಷ್ಟೋ ಮುನ್ನ ಈ ಕರಾವಳಿಯಲ್ಲಿ ಪದ ಹೇಳಿದ ಭಾಗವತರ ದನಿ ಇನ್ನು ದೊರೆಯುವಂತಿಲ್ಲ. ದೊರೆಯಬಲ್ಲುದನ್ನಾದರೂ ಕಳೆಯಬಾರದು. ಅಟ್ಟದ ಮೇಲಿನ ಹಳೆಯ ತಟ್ಟೆಯನ್ನು ಗುಜರಿಗೆ ಹಾಕುವ ಮುನ್ನ ಅದರ ಚೀಟಿಯ ಮೇಲಿರುವ ಹೆಸರನ್ನೂ ಸಂಖ್ಯೆಯನ್ನೂ ಬರೆದಿಡುವುದು ಸುಶಿಕ್ಷಿತ ಗೃಹಸ್ಥರ ಕರ್ತವ್ಯ.