ಪುಟ ತೋರಿಸಿ ಉತ್ತರ ಹೇಳಲಿ

2022ರ ನವೆಂಬರ್‌ನಲ್ಲಿ ಅಜ್ಜಿಯನ್ನು ಕಳೆದುಕೊಂಡ ಪ್ರಯಾಣಿಕರೊಬ್ಬರು ಏರ್ ಕೆನಡಾದ ಜಾಲತಾಣಕ್ಕೆ ಹೋಗಿ, ಸಾವಿನ ಸಂದರ್ಭದಲ್ಲಿ ಸಿಗುವ ರಿಯಾಯಿತಿ ದರದ ಬಗ್ಗೆ ಅಲ್ಲಿನ ಚಾಟ್‌ಬಾಟನ್ನು ಕೇಳಿದರು. ಟಿಕೆಟ್ ಪಡೆದ 90 ದಿನಗಳೊಳಗೆ ಅರ್ಜಿ ಹಾಕಿದರೆ ಸಾಕು ಎಂದಿತು ಅದು. ಉತ್ತರದ ಜೊತೆಗೆ ನಿಯಮಗಳ ಪುಟಕ್ಕೆ ಕೊಂಡಿಯನ್ನೂ ಕೊಟ್ಟಿತು. ಆ ಪುಟದಲ್ಲಿದ್ದ ನಿಯಮವೇ ಬೇರೆ: ಪ್ರಯಾಣ ಮುಗಿದ ಮೇಲೆ ರಿಯಾಯಿತಿ ಕೇಳುವಂತಿಲ್ಲ. ವ್ಯಾಜ್ಯ ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿಯ ಮುಂದೆ ಬಂತು. ಚಾಟ್‌ಬಾಟ್ ಆಡಿದ ಮಾತಿಗೆ ಅದೇ ಹೊಣೆ ಎಂಬ ಧಾಟಿಯ ಕಂಪನಿಯ ವಾದವನ್ನು ಮಂಡಳಿ ತಳ್ಳಿಹಾಕಿತು. 2024ರ ಫೆಬ್ರುವರಿಯಲ್ಲಿ, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಾ ಡಾಲರ್ ಕೊಡುವಂತೆ ಕಂಪನಿಗೆ ಆದೇಶಿಸಿತು.

ಸರಿಯಾದ ದಾಖಲೆ ಕೈಗೆಟಕುವಷ್ಟು ಹತ್ತಿರವೇ ಇತ್ತು. ಉತ್ತರ ಮಾತ್ರ ಅದಕ್ಕೆ ಹೊಂದುತ್ತಿರಲಿಲ್ಲ. ಕೃತಕ ಬುದ್ಧಿಮತ್ತೆಯ ಸಹಾಯಕಕ್ಕೆ ದಾಖಲೆ ಹುಡುಕುವ ಸಲಕರಣೆಯನ್ನು ಜೋಡಿಸುವ ಪದ್ಧತಿ ಈಗ ಕಚೇರಿಗಳಲ್ಲಿ, ವಕೀಲರಲ್ಲಿ, ಸಂಶೋಧಕರಲ್ಲಿ ಹಬ್ಬುತ್ತಿದೆ. ಅದು ಎಷ್ಟು ಗಟ್ಟಿ ಎಂದು ಅಳೆಯಬೇಕಾದದ್ದು ದಾಖಲೆಗೂ ಉತ್ತರಕ್ಕೂ ನಡುವಿನ ಈ ಅಂತರದಿಂದಲೇ.

ಪದ್ಧತಿಯ ಬೇರು 2020ರಲ್ಲಿದೆ. ಫೇಸ್‌ಬುಕ್‌ನ ಸಂಶೋಧಕರು ಮತ್ತು ಅವರ ಜೊತೆಗಾರರು ಆ ವರ್ಷ ಒಂದು ಪ್ರಬಂಧದಲ್ಲಿ ಇದಕ್ಕೆ 'ರ‍್ಯಾಗ್' ಎಂದು ಹೆಸರಿಟ್ಟರು. ಭಾಷಾ ಮಾದರಿ ತನ್ನ ನೆನಪಿನಿಂದಷ್ಟೇ ಮಾತಾಡುವ ಬದಲು ಮೊದಲು ವಿಕಿಪೀಡಿಯದ ತುಣುಕುಗಳನ್ನು ಹುಡುಕಿ, ಅವನ್ನು ಎದುರಿಗಿಟ್ಟುಕೊಂಡು ಉತ್ತರಿಸುತ್ತಿತ್ತು. 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ಕಂಪನಿ ಎಂಸಿಪಿ ಎಂಬ ಮುಕ್ತ ಶಿಷ್ಟತೆಯನ್ನು ಹೊರತಂದಿತು. ಅಲ್ಲಿಯವರೆಗೆ ಪ್ರತಿ ಸಹಾಯಕಕ್ಕೂ ಪ್ರತಿ ದಾಖಲೆ ಭಂಡಾರಕ್ಕೂ ಬೇರೆ ಬೇರೆ ಸಂಪರ್ಕ ಬರೆಯಬೇಕಿತ್ತು. ಈಗ ಭಂಡಾರದವರು ಒಂದು ಎಂಸಿಪಿ ಸರ್ವರ್ ನಡೆಸಿದರೆ ಸಾಕು, ಕ್ಲಾಡ್ ಆಗಲಿ ಚಾಟ್‌ಜಿಪಿಟಿ ಆಗಲಿ ಅದರಲ್ಲಿ ಹುಡುಕಬಹುದು. ಜೋಡಣೆಯ ಕೆಲಸ ನಿಜಕ್ಕೂ ಹಗುರವಾಯಿತು. ಉತ್ತರದ ಗುಣವೂ ಅಷ್ಟೇ ಹೆಚ್ಚಿತೆಂದು ತಿಳಿದರೆ ಅಲ್ಲೇ ಎಡವಿದಂತೆ.

ಏಕೆಂದರೆ ಸಲಕರಣೆ ಸಾಮಾನ್ಯವಾಗಿ ಇಡೀ ದಾಖಲೆಯನ್ನು ಓದುವುದಿಲ್ಲ. ದಾಖಲೆಯನ್ನು ಕೆಲವು ನೂರು ಪದಗಳ ತುಣುಕುಗಳಾಗಿ ಮೊದಲೇ ಕತ್ತರಿಸಿಟ್ಟು, ಪ್ರಶ್ನೆಗೆ ಹತ್ತಿರವೆನಿಸಿದ ನಾಲ್ಕಾರನ್ನು ಮಾತ್ರ ಸಹಾಯಕಕ್ಕೆ ದಾಟಿಸುತ್ತದೆ. ಕತ್ತರಿ ಎಲ್ಲಿ ಬೀಳುತ್ತದೆ ಎಂಬುದು ಇಲ್ಲಿ ದೊಡ್ಡ ಮಾತು. ಕನ್ನಡದ ಅಧಿನಿಯಮಗಳಲ್ಲಿ ನಿಯಮವನ್ನು ಹೇಳಿ, ಮುಂದಿನ ಪ್ಯಾರಾದಲ್ಲಿ 'ಪರಂತು' ಎಂದು ಶುರುಮಾಡಿ ಅಪವಾದವನ್ನು ಹೇಳುವುದು ವಾಡಿಕೆ. ನಿಯಮ ಒಂದು ತುಣುಕಿಗೆ, 'ಪರಂತು' ಮತ್ತೊಂದಕ್ಕೆ ಹೋದರೆ ಸಹಾಯಕದ ಕೈಗೆ ಸಿಗುವುದು ಅರ್ಧ ಕಾನೂನು. ಅದು ಸುಳ್ಳು ಹೇಳುವುದಿಲ್ಲ, ಪುಟವನ್ನೂ ಸರಿಯಾಗಿಯೇ ತೋರಿಸುತ್ತದೆ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಇಂಥ ತಪ್ಪನ್ನು ಹಿಡಿಯುವುದು ಹಸಿ ಸುಳ್ಳನ್ನು ಹಿಡಿಯುವುದಕ್ಕಿಂತ ಕಷ್ಟ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2024ರಲ್ಲಿ ವಕೀಲರಿಗೆಂದೇ ಮಾಡಿದ ಇಂಥ ಸಲಕರಣೆಗಳನ್ನು ಪರೀಕ್ಷೆಗೆ ಒಡ್ಡಿದರು. ದಾಖಲೆ ನೋಡಿಯೇ ಉತ್ತರಿಸುವ ಆ ಸಲಕರಣೆಗಳೂ ಶೇ 17ರಿಂದ 33ರಷ್ಟು ಪ್ರಶ್ನೆಗಳಿಗೆ ಇಲ್ಲದ್ದನ್ನು ಹೇಳಿದ್ದವು. ದಾಖಲೆಯ ಆಸರೆಯಿಲ್ಲದ ಜಿಪಿಟಿ-4ಕ್ಕಿಂತ ಇದು ಉತ್ತಮ ಎಂಬುದನ್ನೂ ಹೇಳಬೇಕು. ಆದರೆ ಮಾರಾಟಗಾರರು ಕೊಟ್ಟ ಭರವಸೆ ಇದಕ್ಕಿಂತ ಬಹಳ ದೊಡ್ಡದಿತ್ತು.

ಭದ್ರತೆಯ ಪ್ರಶ್ನೆಯೂ ಇದೆ. ಮೈಕ್ರೋಸಾಫ್ಟ್ 365 ಕೋಪೈಲಟ್‌ನಲ್ಲಿದ್ದ 'ಎಕೋಲೀಕ್' ಎಂಬ ದೋಷ 2025ರ ಜೂನ್‌ನಲ್ಲಿ ಬಯಲಾಯಿತು. ಹೊರಗಿನವರು ಕಳಿಸಿದ ಇಮೇಲ್‌ನೊಳಗೆ ಅಡಗಿಸಿಟ್ಟ ಆದೇಶವನ್ನು ಸಹಾಯಕ ಹುಡುಕಾಟದ ವೇಳೆ ಓದಿ, ಅದನ್ನೇ ಪಾಲಿಸಿ ಒಳಗಿನ ಮಾಹಿತಿಯನ್ನು ಹೊರಬಿಡುವ ಸಾಧ್ಯತೆ ಇತ್ತು. ಬಳಕೆದಾರ ಯಾವ ಕೊಂಡಿಯನ್ನೂ ಒತ್ತಬೇಕಿರಲಿಲ್ಲ. ಕಂಪನಿ ಅದನ್ನು ಸರಿಪಡಿಸಿದೆ. ಆದರೂ ಸಹಾಯಕಕ್ಕೆ ಎಲ್ಲ ಕಪಾಟುಗಳ ಕೀಲಿ ಕೊಡುವ ಮುನ್ನ ಯೋಚಿಸಬೇಕು.

ಇನ್ನು ಕನ್ನಡದ ಮಾತು. ಇಲ್ಲಿ ಈ ಪದ್ಧತಿಯಿಂದ ಆಗಬಹುದಾದ ಲಾಭ ಬೇರೆ ಕಡೆಗಿಂತ ಹೆಚ್ಚು. 'ವರ್ಗಾವಣೆ' ಎಂದು ಹುಡುಕಿದವರಿಗೆ 'ವರ್ಗವಾದ ನೌಕರರು' ಎಂದು ಬರೆದ ಆದೇಶವೂ ಸಿಗಬೇಕು. ಅಕ್ಷರಕ್ಕೆ ಅಕ್ಷರ ಹೊಂದಿಸುವ ಹಳೆಯ ಹುಡುಕಾಟಕ್ಕೆ ಅದು ದಕ್ಕುವುದಿಲ್ಲ. ಅರ್ಥದ ಸಾಮೀಪ್ಯ ನೋಡುವ ಹೊಸ ಹುಡುಕಾಟ ಅದನ್ನು ಹೊರತೆಗೆಯಬಲ್ಲದು. ಪ್ರತ್ಯಯ ಸೇರಿದಂತೆಲ್ಲ ಪದ ಬೆಳೆಯುವ ಭಾಷೆಗೆ ಇದು ಸಣ್ಣ ಅನುಕೂಲವಲ್ಲ.

ತೊಡಕಿರುವುದು ಕಡತಗಳಲ್ಲೇ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾದ ಪಿಡಿಎಫ್‌ಗಳು ಕಣ್ಣಿಗೆ ಅಚ್ಚುಕಟ್ಟಾದ ಕನ್ನಡ. ಅಂಥದೊಂದರಿಂದ 'ಕನ್ನಡ' ಎಂಬ ಪದವನ್ನು ನಕಲಿಸಿ ಬೇರೆಡೆ ಅಂಟಿಸಿದರೆ ಇಂಗ್ಲಿಷಿನ ಪಿ ಅಕ್ಷರ, ತಲೆಯ ಮೇಲೆ ಓರೆಗೆರೆ ಹೊತ್ತ ಎ, ಬ್ರಿಟಿಷ್ ಪೌಂಡಿನ ಗುರುತು ಸಾಲಾಗಿ ಬಂದು ನಿಲ್ಲುತ್ತವೆ. ಹುಡುಕುವ ಸಲಕರಣೆಗೆ ಕಾಣುವುದೂ ಈ ಗೋಜಲೇ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ. ಅದಾದ ಮೇಲೂ ವರ್ಷಗಟ್ಟಲೆ ಕನ್ನಡ ಬರಹ ಹೀಗೆ ಬೀಗ ಹಾಕಿಟ್ಟಂತೆ ತಯಾರಾಯಿತು ಎಂಬುದು ನೋವಿನ ಸಂಗತಿ. ಪುಟವನ್ನು ಬರೀ ಚಿತ್ರವಾಗಿ ಸ್ಕ್ಯಾನ್ ಮಾಡಿದ ಕಡತಗಳ ಪಾಡೂ ಇದೇ. ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ ಒಂದು ಒತ್ತಕ್ಷರವನ್ನು ತಪ್ಪಾಗಿ ಓದಿದರೂ ಸರ್ವೆ ನಂಬರಿನ ಪಕ್ಕದ ಹೆಸರು ಬೇರೊಬ್ಬರದಾಗಬಹುದು.

ಹಾಗಿದ್ದರೆ ಪದ್ಧತಿಯನ್ನೇ ಬಿಡಬೇಕೆ? ಬೇಡ. ಗೂಗಲ್‌ನ ನೋಟ್‌ಬುಕ್‌ಎಲ್‌ಎಂನಲ್ಲಿ ಉತ್ತರದ ಪಕ್ಕದ ಅಂಕಿಯನ್ನು ಒತ್ತಿದರೆ ಮೂಲದ ಆ ಸಾಲುಗಳೇ ತೆರೆದುಕೊಳ್ಳುತ್ತವೆ. ಓದುಗರು ಸಾಲನ್ನೂ ಅದರ ಹಿಂದುಮುಂದನ್ನೂ ಅಲ್ಲೇ ನೋಡಿ ಒಪ್ಪಬಹುದು, ತಳ್ಳಬಹುದು. ಇಂಥ ಸೌಲಭ್ಯವಿಲ್ಲದ, ದಾಖಲೆಯಲ್ಲಿ ಉತ್ತರ ಸಿಗದಿದ್ದಾಗ ಸಿಗಲಿಲ್ಲ ಎನ್ನಲು ಬಾರದ ಸಲಕರಣೆಯನ್ನು ಯಾವ ಕಚೇರಿಯೂ ಕೊಳ್ಳಬಾರದು.

ಕನ್ನಡ ದಾಖಲೆಗಳ ಮೇಲೆ ಇಂಥ ಸಹಾಯಕವನ್ನು ಕೂರಿಸಲು ಹೊರಟಿರುವ ಇಲಾಖೆಗಳು, ಗ್ರಂಥಾಲಯಗಳು, ಪ್ರಕಾಶಕರು ಮೊದಲ ಹಣವನ್ನು ಸಹಾಯಕದ ಮೇಲೆ ಸುರಿಯದಿರಲಿ. ಹಳೆಯ ಫಾಂಟಿನ ಕಡತಗಳನ್ನು ಯುನಿಕೋಡ್‌ಗೆ ತರುವ ಪರಿವರ್ತಕಗಳು ಈಗಾಗಲೇ ಇವೆ. ಆ ಕೆಲಸ ಮೊದಲು ಆಗಲಿ, ಬಂದ ಪಠ್ಯವನ್ನು ಬಲ್ಲವರೊಬ್ಬರು ಮೂಲದ ಜೊತೆಗಿಟ್ಟು ಕರಡು ತಿದ್ದಲಿ.