ಓದಿನ ಒರೆಗಲ್ಲಾಗಿ ಅನುವಾದ

ಎರಡನೆಯ ಭಾಷೆಯ ಬೋಧನೆಯಲ್ಲಿ ಅನುವಾದಕ್ಕೆ ಬಂದ ಅಪಖ್ಯಾತಿ ನಿರಾಧಾರವಾದುದೇನಲ್ಲ. ಬಿಡಿ ವಾಕ್ಯಗಳನ್ನೂ ವ್ಯಾಕರಣ ಸೂತ್ರಗಳನ್ನೂ ಉರುಹೊಡೆಸುವ ಕ್ರಮವನ್ನು ಜರ್ಮನಿಯ ವಿಲ್ಹೆಲ್ಮ್ ವಿಯೆಟರ್ 1882ರಲ್ಲಿಯೇ ಖಂಡಿಸಿದ್ದರು. ಅನಂತರ ಬೆಳೆದ ನೇರ ಪದ್ಧತಿಯು ಮಾತೃಭಾಷೆಯನ್ನೇ ತರಗತಿಯಿಂದ ಹೊರಗಿಡಬಯಸಿತು. ಈ ತಿದ್ದುಪಡಿ ಅಗತ್ಯವನ್ನು ಮೀರಿತೆಂಬುದು ಇಲ್ಲಿನ ವಾದ.

ಕನ್ನಡ ಬಲ್ಲ ವಿದ್ಯಾರ್ಥಿ ಇಂಗ್ಲಿಷ್ ಓದುವ ಸಂದರ್ಭವನ್ನು ಪರಿಶೀಲಿಸಬಹುದು. ‘ಮೇಷ್ಟರನ್ನು ನೋಡಿದ ಹುಡುಗಿ’, ‘ಮೇಷ್ಟರು ನೋಡಿದ ಹುಡುಗಿ’ ಎಂಬೆರಡರಲ್ಲೂ ಕೃದಂತ ಒಂದೇ. ಅರ್ಥವನ್ನು ಬೇರ್ಪಡಿಸುವುದು ವಿಭಕ್ತಿ. ಇಂಗ್ಲಿಷಿನಲ್ಲಿ ಆ ಹೊಣೆ ಮುಖ್ಯವಾಗಿ ಪದಕ್ರಮದ್ದು. ವಿಶೇಷಣ ಉಪವಾಕ್ಯವೂ ನಾಮಪದದ ಬಳಿಕ ಬರುತ್ತದೆ. ಪದಗಳ ಅರ್ಥವೆಲ್ಲ ತಿಳಿದಿದ್ದೂ ಕ್ರಮವನ್ನು ಗಮನಿಸದ ವಿದ್ಯಾರ್ಥಿ ಅನುವಾದಿಸುವಾಗ ವಿಭಕ್ತಿಯಲ್ಲಿ ಎಡವುತ್ತಾನೆ. ಓದು ತಪ್ಪಿದ ಸ್ಥಳ ಅಧ್ಯಾಪಕರಿಗೆ ಕೂಡಲೇ ಗೋಚರಿಸುತ್ತದೆ.

ಕಥೆಯ ಸಂಭಾಷಣೆಯಲ್ಲಿ ಬರುವ ‘ಯೂ’ ಎಂಬ ಸರ್ವನಾಮದ ಸಮಸ್ಯೆ ಇನ್ನೂ ಸೂಕ್ಷ್ಮವಾದುದು. ಅದು ‘ನೀನು’ ಆಗಬೇಕೋ ‘ನೀವು’ ಆಗಬೇಕೋ ಎಂದು ನಿರ್ಧರಿಸಲು ಪಾತ್ರಗಳ ವಯಸ್ಸು, ಅಂತಸ್ತು, ಸಲುಗೆಗಳನ್ನು ಪಠ್ಯದಲ್ಲಿಯೇ ಹುಡುಕಬೇಕು. ಮೌನವಾಚನದಲ್ಲಿ ಏಳದೆ ಉಳಿಯಬಹುದಾದ ಪ್ರಶ್ನೆಯನ್ನು ಕನ್ನಡವು ಓದುಗನ ಮುಂದಿಡುತ್ತದೆ.

ಗೈ ಕುಕ್ ತಮ್ಮ 2010ರ ಗ್ರಂಥದಲ್ಲಿ ಅನುವಾದದ ಮರುಬಳಕೆಯನ್ನು ಸಮರ್ಥಿಸಿದ್ದಾರೆ. ಆ ಸಮರ್ಥನೆಗೆ ನಮ್ಮ ಸಂದರ್ಭದಲ್ಲಿ ಒಂದು ಎಚ್ಚರಿಕೆ ಸೇರಬೇಕು. ಗೈಡುಗಳಲ್ಲಿ ಸಿದ್ಧವಾಗಿ ದೊರೆಯುವ ಭಾಷಾಂತರವು ವಿದ್ಯಾರ್ಥಿಯನ್ನು ಮೂಲದಿಂದ ದೂರವಿಡುತ್ತದೆ. ತಾನೇ ಬರೆದು, ಮೂಲದೊಡನೆ ಹೋಲಿಸಿ ತಿದ್ದಿಕೊಂಡ ನಾಲ್ಕೇ ಸಾಲುಗಳು ಅವನನ್ನು ಮತ್ತೆ ಮೂಲಕ್ಕೆ ಕರೆತರುತ್ತವೆ. ಅನುವಾದಾಭ್ಯಾಸದ ಬೆಲೆಯನ್ನು ಈ ಮರುಓದಿನಿಂದಲೇ ಅಳೆಯುವುದು ಉಚಿತ.