ನಮ್ದು, ನಮ್ದೇ

‘ಈ ಸಲ ಕಪ್ ನಮ್ದೇ.’ ನಾಲ್ಕು ಪದಗಳ ಈ ವಾಕ್ಯದಲ್ಲಿ ಕ್ರಿಯಾಪದವಿಲ್ಲ. ಕನ್ನಡದಲ್ಲಿ ಕ್ರಿಯಾಪದವಿಲ್ಲದೆಯೂ ವಾಕ್ಯ ಪೂರ್ತಿಯಾಗುತ್ತದೆ. ಹಾಗಾಗಿ ಈ ಘೋಷಣೆಗೆ ಕಾಲದ ಹಂಗಿಲ್ಲ. ಟೂರ್ನಿ ಶುರುವಾಗುವ ಮುಂಚೆಯೂ ಕೂಗಬಹುದು, ಸೋತ ಮರುವರ್ಷ ಒಂದಕ್ಷರ ಬದಲಿಸದೆಯೂ ಕೂಗಬಹುದು. ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದ ಪ್ರಶಸ್ತಿಯ ಚರಿತ್ರೆಯನ್ನು ಅಂಕಿಪಟ್ಟಿಗಿಂತ ಈ ವಾಕ್ಯದಲ್ಲೇ ಚೆನ್ನಾಗಿ ಓದಬಹುದು.

ಪಟ್ಟಿ ಚಿಕ್ಕದು. ತಂಡ ಹುಟ್ಟಿದ್ದು 2008ರಲ್ಲಿ. 2009ರ ಫೈನಲ್‌ನಲ್ಲಿ ಡೆಕ್ಕನ್ ಚಾರ್ಜರ್ಸ್ ಎದುರು 6 ರನ್‌ಗಳ ಸೋಲು. 2011ರಲ್ಲಿ ಚೆನ್ನೈ ಎದುರು 58 ರನ್‌ಗಳ ಸೋಲು. 2016ರಲ್ಲಿ ತವರಿನಂಗಳದಲ್ಲೇ ಹೈದರಾಬಾದ್ ಎದುರು 8 ರನ್‌ಗಳ ಸೋಲು. ಈ ಮೂರು ಸೋಲುಗಳು ಕಟ್ಟಿಕೊಟ್ಟಷ್ಟು ದೊಡ್ಡ ಅಭಿಮಾನಿ ಬಳಗವನ್ನು ಅನೇಕ ತಂಡಗಳಿಗೆ ಗೆಲುವೂ ಕಟ್ಟಿಕೊಟ್ಟಿಲ್ಲ. ಕಾಯುವುದನ್ನೇ ಕಥೆ ಮಾಡಿಕೊಂಡ ತಂಡವಿದು.

ಆ ಕಥೆಯ ಜೀವ ಇರುವುದು ಕೊನೆಯ ‘ಏ’ಕಾರದಲ್ಲಿ. ‘ನಮ್ದು’ ಎಂದರೆ ಇದ್ದದ್ದನ್ನು ಹೇಳಿದಂತೆ. ‘ನಮ್ದೇ’ ಎಂದರೆ ಬೇರೆಯವರದಲ್ಲ ಎಂದು ಹಟ ಹಿಡಿದಂತೆ. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ‘ನಮ್ದೇ’ ಎನ್ನಲು ಹೋಗಿ ‘ನಹೀ’ ಎಂದುಬಿಟ್ಟರು. ಕೊಹ್ಲಿ ನಕ್ಕರು, ನಾವೂ ನಕ್ಕೆವು. 2024ರಲ್ಲಿ ಮಹಿಳಾ ತಂಡ ಕಪ್ ಗೆದ್ದಾಗ ಸ್ಮೃತಿ ಮಂಧಾನ ಇನ್ನು ‘ನಮ್ದೇ’ ಅಲ್ಲ, ‘ನಮ್ದು’ ಎಂದರು. ಕನ್ನಡ ತಾಯ್ನುಡಿಯಲ್ಲದ ಆಟಗಾರ್ತಿಯೊಬ್ಬರು ಹಟಕ್ಕೂ ಸಂಗತಿಗೂ ಇರುವ ವ್ಯತ್ಯಾಸವನ್ನು ಒಂದು ಸ್ವರದಲ್ಲಿ ತೋರಿಸಿಕೊಟ್ಟರು.

ಆದರೆ ಈ ‘ನಾವು’ ಯಾರು? ಕಪ್ ಬಂದ 2025ರಲ್ಲಿ ತಂಡ ಇದ್ದದ್ದು ಡಿಯಾಜಿಯೊ ಅಧೀನದ ಯುನೈಟೆಡ್ ಸ್ಪಿರಿಟ್ಸ್ ಕೈಯಲ್ಲಿ. ಆಟಗಾರರು ಬಂದದ್ದು ಹರಾಜಿನಿಂದ. ಶಿವಮೊಗ್ಗದ ರಾಗಿಗುಡ್ಡದಲ್ಲಿ ಕೂತು ಟಿವಿ ನೋಡುವವರ ಪಾಲಿಗೆ ಆ ತಂಡದಲ್ಲಿ ತಮ್ಮದೆನ್ನಲು ಇರುವುದು ಮುಖ್ಯವಾಗಿ ಆ ನಾಲ್ಕು ಪದಗಳೇ.

ಅಲ್ಲಿಂದ ಹೆಚ್ಚು ದೂರವಿಲ್ಲದ ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಇನ್ನೊಂದು ಬಗೆಯ ‘ನಮ್ದು’ವನ್ನು ನೆನಪಿಸುತ್ತಾರೆ. 1973–74ರ ರಣಜಿ ಸೆಮಿಫೈನಲ್. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಎದುರಿಗಿದ್ದ ಬಾಂಬೆ ಸತತ 15 ವರ್ಷ ಗೆದ್ದಿತ್ತು. ಬೆಂಗಳೂರಿನ ಆ ಪಂದ್ಯದಲ್ಲಿ ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106 ಹೊಡೆದರು. ಪ್ರಸನ್ನ ನಾಯಕತ್ವದ ತಂಡ ಬಾಂಬೆಯನ್ನು ದಾಟಿ, ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಟ್ರೋಫಿ ತಂದಿತು. 2014–15ರ ಹೊತ್ತಿಗೆ ಅಂಥ ಗೆಲುವುಗಳು ಎಂಟಾದವು. ಅವುಗಳಿಗೊಂದು ಘೋಷಣೆ ಹುಟ್ಟಲಿಲ್ಲ. ಎಂಟು ಸಲ ಗೆದ್ದದ್ದರ ಕಥೆಯನ್ನು ನಾವು ಹೇಳಿಕೊಂಡದ್ದು ಕಡಿಮೆ. ಒಂದು ಸಲವೂ ಗೆಲ್ಲದ್ದರ ಕಥೆಯನ್ನು ವರ್ಷವರ್ಷವೂ ಹೇಳಿಕೊಂಡೆವು. ಹಳೆಯದೇ ಮೇಲು ಎಂದು ಇದನ್ನು ಹೇಳುತ್ತಿಲ್ಲ. ನಾಲ್ಕು ಕನ್ನಡ ಪದಗಳನ್ನು ದೇಶದ ಬಾಯಿಗೆ ಹಾಕಿದ ಕೆಲಸವನ್ನು ರಣಜಿ ಮಾಡಲಿಲ್ಲ, ಈ ಘೋಷಣೆ ಮಾಡಿತು.

2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಪಂಜಾಬ್ ವಿರುದ್ಧ 6 ರನ್‌ಗಳ ಗೆಲುವು. ಹದಿನೆಂಟನೇ ಸಲ ಕಪ್ ನಮ್ದಾಯಿತು. ಜೂನ್ 4ರ ಸಂಜೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ‘ನಮ್ದೇ’ ಎಂಬ ಮಾತನ್ನು ಅಕ್ಷರಶಃ ನಂಬಿ, ತಮ್ಮದನ್ನು ನೋಡಲು ಬಂದವರು. ಕಪ್ಪನ್ನು ನಮ್ದೇ ಎಂದವರು ಎಷ್ಟೋ. ಆ ಸಾವುಗಳ ಹೊಣೆ ನಮ್ದು ಎಂದವರು ವಿರಳ. ಸರ್ಕಾರ, ಪೊಲೀಸರು, ಫ್ರಾಂಚೈಸಿ, ಕ್ರಿಕೆಟ್ ಸಂಸ್ಥೆ ಎಂದು ಬೆರಳುಗಳು ಒಬ್ಬರಿಂದ ಇನ್ನೊಬ್ಬರ ಕಡೆಗೆ ತಿರುಗುತ್ತಲೇ ಹೋದವು.

ಚಾಂಪಿಯನ್ನರ ಪಟ್ಟಿಯಲ್ಲಿ 2025ರ ಎದುರು ತಂಡದ ಹೆಸರು ಮಾತ್ರ ಇರುತ್ತದೆ. ಪಟ್ಟಿಯ ಸ್ವಭಾವವೇ ಅದು. ಆದರೆ ಚರಿತ್ರೆ ಬರೆಯುವವರು, ಅಭಿಮಾನದಿಂದ ಬರೆಯುವವರೂ, ಆ ಹನ್ನೊಂದನ್ನು ಅಡಿಟಿಪ್ಪಣಿಗೆ ತಳ್ಳದೆ ಅದೇ ಸಾಲಿನಲ್ಲಿ ಬರೆಯಬೇಕು. ಆ ಸಾಲನ್ನು ಓದಿದ ಮೇಲೆ ‘ನಮ್ದು’ ಎನ್ನಲು ‘ಏ’ಕಾರದ ಹಟ ಸಾಲದು.